ಒಂದೇ ಅಂಗಡಿಯ ವೀರರು

ರಾಯಚೂರಿನಿಂದ ಪಶ್ಚಿಮಕ್ಕೆ ಹೊರಟ ಬಸ್ಸು ಅರ್ಧ ಗಂಟೆಯ ಆಚೀಚೆ ಕಲ್ಮಲವನ್ನು ಮುಟ್ಟುತ್ತದೆ. ಊರು ದೊಡ್ಡದಲ್ಲ; ಹೆಸರು ಮಾತ್ರ ದೂರದೂರಕ್ಕೆ ಹರಡಿದೆ. ರಾಜ್ಯ ಹೆದ್ದಾರಿಗಳ ಪಟ್ಟಿಯಲ್ಲಿ 23ನೆಯ ರಸ್ತೆಯನ್ನು ‘ಕಲ್ಮಲ–ಶಿಗ್ಗಾಂವಿ’ ಎಂದೇ ಬರೆದಿದ್ದಾರೆ. ದೇವದುರ್ಗದ ಮೇಲೆ ಕೃಷ್ಣೆಯ ದಡದ ತಿಂಥಣಿ ಸೇತುವೆಗೆ ಹೋಗುವ ದಾರಿಯೂ ಕಲ್ಮಲದ ಹೆಸರನ್ನೇ ಹೊತ್ತಿದೆ. ಸಿರವಾರ, ಲಿಂಗಸುಗೂರುಗಳ ಕಡೆಯ ಹೆದ್ದಾರಿ ಇನ್ನೊಂದು. ದಾರಿಗಳು ಕವಲೊಡೆಯುವ ಇಂಥ ಸ್ಥಳದಲ್ಲಿ ಬಸ್ಸಿಗೆ ಕಾಯುವವರು ಹೆಚ್ಚು, ಊರನ್ನು ನೋಡಲೆಂದು ಇಳಿಯುವವರು ಕಡಮೆ. ಸುತ್ತಲೂ ಎರೆಯ ಹೊಲ. ಹತ್ತಿ, ತೊಗರಿ, ಜೋಳದ ಸೀಮೆ. ಬೇಸಿಗೆಯ ಮಧ್ಯಾಹ್ನ ಇಲ್ಲಿ ಬಸ್ಸಿಗೆ ಕಾಯುವವರಿಗೆ ಚಹದ ಅಂಗಡಿಯ ನೆರಳೇ ಗತಿ.

ಇಂಥ ಕೂಡುರಸ್ತೆಯ ಅಂಗಡಿಗಳ ಮುಂದೆ, ಬಾಳೆಯ ಗೊನೆಗೂ ಗುಟ್ಕಾ ಚೀಟಿಗಳ ಸರಕ್ಕೂ ನಡುವೆ, ಪ್ಲಾಸ್ಟಿಕ್ ಚೀಲದೊಳಗೆ ಕೆಲವು ವೀರರು ನೇತಾಡುತ್ತಿರುವುದುಂಟು. ಅವರನ್ನು ಗುರುತಿಸಲು ದೊಡ್ಡವರಿಗೆ ತಿಳಿಯದು. ಹುಡುಗರಿಗೆ ದೂರದಿಂದಲೇ ತಿಳಿಯುತ್ತದೆ. ಜೇಡರ ಬಲೆಯ ಅಂಗಿ ತೊಟ್ಟವನು ಸ್ಪೈಡರ್‌ಮ್ಯಾನ್, ಕರಿಯ ಮುಸುಕಿನವನು ಬ್ಯಾಟ್‌ಮ್ಯಾನ್, ಹಸಿರು ಮೈಯವನು ಹಲ್ಕ್. ಬಣ್ಣ ಮಾತ್ರ ಹಾಗೆಯೇ ಇರಬೇಕೆಂಬ ನಿಯಮವಿಲ್ಲ. ನೀಲಿಯಾಗಿರಬೇಕಾದವನು ನೇರಳೆಯಾಗಿರುತ್ತಾನೆ, ಒಬ್ಬನ ತಲೆ ಇನ್ನೊಬ್ಬನ ಮುಂಡದ ಮೇಲೆ ಕೂತಿರುತ್ತದೆ.

“ಮಾಮಾ, ಢಾಲು ಹಿಡಿದಾಂವ ಐತೇನು?” ಎಂದು ಹುಡುಗ ಕೇಳಿದರೆ, “ಇದ್ದದ್ದ ಇಷ್ಟ ನೋಡಪ್ಪ. ಕೆಂಪಂದು ಬೇಕಂದ್ರ ಕೆಂಪಂದು ತಗೊ, ಹಸರಂದು ಬೇಕಂದ್ರ ಹಸರಂದು” ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಂಗಡಿಕಾರನಿಗೆ ಅವು ಎರಡು ಬಣ್ಣದ ಸಾಮಾನು. ಹುಡುಗನಿಗೆ ಎರಡು ಬೇರೆ ಬೇರೆ ಪುರಾಣ. ಅವನಿಗೆ ಬೇಕಾದ ಮೂರನೆಯವನು ಕಲ್ಮಲದಲ್ಲಿಲ್ಲ. ರಾಯಚೂರಿನ ತೀನ್ ಕಂದೀಲಿನ ಪೇಟೆಯಲ್ಲಿ ಹುಡುಕಿದರೂ ಸಿಗುವ ಭರವಸೆಯಿಲ್ಲ. ಹೈದರಾಬಾದಿನ ಅಥವಾ ಬೆಂಗಳೂರಿನ ದೊಡ್ಡ ಮಳಿಗೆಗೆ ಹೋಗಬೇಕು. ಅಲ್ಲಿಯೂ ‘ಇದು ನಮ್ಮಲ್ಲಿ ಬರುವುದಿಲ್ಲ, ಬೇರೊಂದು ಕಂಪನಿಗೆ ಮಾತ್ರ ಕೊಟ್ಟಿದ್ದಾರೆ’ ಎಂಬ ಮಾತು ಕೇಳಿಬರಬಹುದು. ಮನೆಯ ಫೋನಿನಲ್ಲಿ ಹುಡುಕಿದರೆ ಗೊಂಬೆಯ ಚಿತ್ರ ಕಾಣುತ್ತದೆ, ಬೆಲೆಯೂ ಕಾಣುತ್ತದೆ. ಹಳ್ಳಿಯ ಪಿನ್‌ಕೋಡನ್ನು ತುಂಬಿದೊಡನೆ, ಈ ವಿಳಾಸಕ್ಕೆ ತಲುಪಿಸಲಾಗುವುದಿಲ್ಲ ಎಂಬ ಸಾಲು ಮೂಡುತ್ತದೆ. ಬಾಲ್ಯದ ನಿರಾಸೆಗಳಲ್ಲಿ ಇದು ಹೊಸ ಬಗೆಯದು. ಹಿಂದಿನ ಮಕ್ಕಳಿಗೆ ಇಲ್ಲದ ಸಾಮಾನಿನ ಚಿತ್ರವನ್ನು ಯಾರೂ ತೋರಿಸುತ್ತಿರಲಿಲ್ಲ.

ಈ ಗೊಂಬೆಗಳಿಗೆ ಇಂಗ್ಲಿಷಿನಲ್ಲಿ ಆ್ಯಕ್ಷನ್ ಫಿಗರ್ ಎಂದು ಹೆಸರು. ಹೆಸರಿನ ಹುಟ್ಟು ಸ್ವಾರಸ್ಯವಾದುದು. 1959ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿಯವರು ಬಾರ್ಬಿ ಎಂಬ ಹುಡುಗಿಯ ಗೊಂಬೆಯನ್ನು ಹೊರತಂದು ಅಪಾರ ಲಾಭ ಪಡೆದರು. ಹುಡುಗರಿಗೂ ಅಂಥದೊಂದನ್ನು ಮಾರಬೇಕೆಂದು ಹ್ಯಾಸ್‌ಬ್ರೋ ಕಂಪನಿಯವರು 1964ರಲ್ಲಿ ಜಿ.ಐ. ಜೋ ಎಂಬ ಸೈನಿಕನನ್ನು ತಂದರು. ಕೈಕಾಲುಗಳ ಕೀಲುಗಳೆಲ್ಲ ತಿರುಗುವ ಸೈನಿಕ. ಆದರೆ ‘ಗೊಂಬೆ’ ಎಂದರೆ ಯಾವ ತಂದೆಯೂ ಮಗನಿಗೆ ಕೊಡಿಸಲಾರನೆಂಬ ಅಂಜಿಕೆ ಅವರಿಗಿತ್ತು. ಆದುದರಿಂದ ಆ ಮಾತನ್ನೇ ಬಿಟ್ಟು ಹೊಸ ಹೆಸರನ್ನು ಕಟ್ಟಿದರು. ಮರದ ಕೃಷ್ಣನನ್ನೂ ಮಣ್ಣಿನ ಎತ್ತನ್ನೂ ಗಂಡುಮಕ್ಕಳ ಕೈಗೆ ನಿಸ್ಸಂಕೋಚವಾಗಿ ಕೊಟ್ಟ ನಾಡಿನವರಿಗೆ ಈ ಸಂಕಟ ಅರ್ಥವಾಗುವುದು ಕಷ್ಟ.

ಎಪ್ಪತ್ತರ ದಶಕದಲ್ಲಿ ಮೆಗೋ ಎಂಬ ಕಂಪನಿಯವರು ಚಿತ್ರಕಥೆಯ ವೀರರನ್ನೆಲ್ಲ ಎಂಟು ಅಂಗುಲದ ಗೊಂಬೆಗಳನ್ನಾಗಿಸಿ ಮಾರಿದರು. ಅನಂತರ ಬಂದುದು 1977ರ ‘ಸ್ಟಾರ್ ವಾರ್ಸ್’ ಚಲನಚಿತ್ರ. ಅದರ ಗೊಂಬೆಗಳನ್ನು ಮಾಡುವ ಹಕ್ಕು ಪಡೆದಿದ್ದ ಕೆನ್ನರ್ ಕಂಪನಿಗೆ ಆ ವರ್ಷದ ಕ್ರಿಸ್‌ಮಸ್ಸಿನ ವೇಳೆಗೆ ಸರಕನ್ನು ಸಿದ್ಧಪಡಿಸಲಾಗಲಿಲ್ಲ. ಅವರು ಒಂದು ಉಪಾಯ ಮಾಡಿದರು: ರಟ್ಟಿನ ಲಕೋಟೆಯಲ್ಲಿ ಒಂದು ಚೀಟಿಯನ್ನಿಟ್ಟು ಮಾರಿದರು. ಚೀಟಿಯನ್ನು ಕಳುಹಿಸಿಕೊಟ್ಟವರಿಗೆ ಮುಂದಿನ ವರ್ಷ ಗೊಂಬೆ ಬರುವುದು! ಹಬ್ಬದ ದಿನ ಮಕ್ಕಳ ಕೈಗೆ ಬಂದುದು ಬರಿಯ ಕಾಗದ. ಆದರೂ ಜನ ಕೊಂಡರು. ವ್ಯಾಪಾರಿಗಳು ಅಂದು ಕಲಿತ ಪಾಠವನ್ನು ಇಂದಿಗೂ ಮರೆತಿಲ್ಲ. ಇರುವ ಸರಕಿಗಿಂತ ಇಲ್ಲದ ಸರಕಿಗೆ ಗಿರಾಕಿಯ ಮನಸ್ಸು ಹೆಚ್ಚು ಎಳೆಯುತ್ತದೆ.

ಅದೇ ಕಂಪನಿ 1979ರಲ್ಲಿ ಬೋಬಾ ಫೆಟ್ ಎಂಬ ಪಾತ್ರದ ಗೊಂಬೆಯನ್ನು ಅಂಚೆಯ ಮೂಲಕ ಮಾತ್ರ ಕೊಡುವುದಾಗಿ ಸಾರಿತು. ಬೆನ್ನಿನ ಮೇಲೊಂದು ಪುಟ್ಟ ರಾಕೆಟ್ಟು. ಗುಂಡಿ ಒತ್ತಿದರೆ ಹಾರುವಂಥದು. ಮಕ್ಕಳ ಗಂಟಲಿಗೆ ಸಿಕ್ಕೀತೆಂಬ ಭಯದಿಂದ ಕಡೆಗೆ ರಾಕೆಟ್ಟನ್ನು ಅಂಟಿಸಿಯೇ ಕಳುಹಿಸಿದರು. ಪರೀಕ್ಷೆಗೆಂದು ಮಾಡಿದ್ದ ಕೆಲವೇ ಹಾರುವ ಮಾದರಿಗಳು ಉಳಿದುಕೊಂಡವು. ಅವುಗಳಲ್ಲೊಂದು 2024ರ ಹರಾಜಿನಲ್ಲಿ ಐದು ಲಕ್ಷ ಡಾಲರಿಗೂ ಮಿಗಿಲಾಗಿ ಮಾರಾಟವಾಯಿತು. ಒಬ್ಬ ಮಗುವೂ ಆಡಿರದ ಆಟಿಕೆಗೆ ಅಷ್ಟು ಬೆಲೆ!

ಈಗಿನ ಪದ್ಧತಿ ಇನ್ನೂ ನಯವಾದುದು. ಒಂದೇ ವೀರನ ಹತ್ತು ರೂಪಗಳನ್ನು ಮಾಡಿ, ಒಂದನ್ನು ಒಂದು ಮಳಿಗೆಗೆ, ಮತ್ತೊಂದನ್ನು ಇನ್ನೊಂದಕ್ಕೆ, ಮಗುದೊಂದನ್ನು ಮೂರು ದಿನದ ಮೇಳಕ್ಕೆ ಮಾತ್ರ ಕೊಡುತ್ತಾರೆ. ಇದಕ್ಕೆ ‘ಎಕ್ಸ್‌ಕ್ಲೂಸಿವ್’ ಎನ್ನುತ್ತಾರೆ. ಭೇದವಿರುವುದು ಒಂದು ಕೈಚೀಲದ ಬಣ್ಣದಲ್ಲಿ, ಇಲ್ಲವೆ ಮುಖವಾಡವನ್ನು ತೆಗೆದಿಟ್ಟ ತಲೆಯಲ್ಲಿ. ಅಮೆರಿಕದ ಸ್ಯಾನ್ ಡಿಯಾಗೋ ನಗರದ ವಾರ್ಷಿಕ ಮೇಳದಲ್ಲಿ ಇದಕ್ಕಾಗಿ ಜನ ಬೆಳಗಿನ ಜಾವದಿಂದ ಸಾಲು ನಿಲ್ಲುತ್ತಾರೆ; ಅವರಲ್ಲಿ ಅನೇಕರು ಅಂದೇ ಸಂಜೆ ಇಮ್ಮಡಿ ಬೆಲೆಗೆ ಮಾರುವ ದಳ್ಳಾಳಿಗಳು. 2012ರಿಂದ ಬೆಂಗಳೂರಿನಲ್ಲಿಯೂ ಕಾಮಿಕ್ ಕಾನ್ ಮೇಳ ನಡೆಯುತ್ತ ಬಂದಿದೆ. ಭಾರತದ ಸಂಗ್ರಾಹಕನ ಕಷ್ಟಕ್ಕೆ ಸುಂಕವೂ ಸೇರಿದೆ. ಹೊರಗಿನಿಂದ ಬರುವ ಆಟಿಕೆಗಳ ಮೇಲಿನ ಆಮದು ಸುಂಕವು 2020ರಲ್ಲಿ ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಆರಂಭದಿಂದ ಮಾನಕ ಸಂಸ್ಥೆಯ ಮುದ್ರೆಯಿಲ್ಲದ ಆಟಿಕೆಯನ್ನು ಮಾರುವಂತಿಲ್ಲ. ಅಂಗಡಿಯ ಕಪಾಟು ಬರಿದಾಗಲು ಇಷ್ಟು ಸಾಕು.

ಹಾಗೆಂದು ಎಲ್ಲ ಕಾಲದಲ್ಲಿಯೂ ಬೇಡುವ ಕೈ ಭಾರತದ್ದೇ ಆಗಿರಲಿಲ್ಲ. ಟೈರು ತಯಾರಿಸುವ ಎಂ.ಆರ್.ಎಫ್. ಮತ್ತು ಹ್ಯಾಸ್‌ಬ್ರೋ ಜತೆಗೂಡಿ 1987ರಲ್ಲಿ ಫನ್‌ಸ್ಕೂಲ್ ಎಂಬ ಕಂಪನಿಯನ್ನು ಸ್ಥಾಪಿಸಿದವು. ಗೋವೆಯ ಕಾರ್ಖಾನೆಯಲ್ಲಿ ಜಿ.ಐ. ಜೋ ಸೈನಿಕರು ತಯಾರಾದರು. ಅಚ್ಚುಗಳು ಅಮೆರಿಕದವು, ಬಣ್ಣಗಳು ಮಾತ್ರ ಇಲ್ಲಿನವರ ಇಚ್ಛೆಯಂತೆ. ಕೆಲವು ಗೊಂಬೆಗಳು ಅಮೆರಿಕದಲ್ಲಿ ಎಂದೂ ಕಾಣದ ವೇಷಗಳಲ್ಲಿ ಹೊರಬಂದವು. ಅಲ್ಲಿನ ಸಂಗ್ರಾಹಕರಿಗೆ ಇದು ತಿಳಿದಾಗ ಭಾರತದಿಂದ ಅವನ್ನು ತರಿಸಿಕೊಳ್ಳಲು ಪೈಪೋಟಿ ನಡೆಯಿತು. ಹುಬ್ಬಳ್ಳಿ, ಬೆಂಗಳೂರುಗಳ ಮನೆಗಳಲ್ಲಿ ಮಕ್ಕಳು ಮಣ್ಣಿನಲ್ಲಿ ಹೂತು ಕೈಕಾಲು ಮುರಿದಿಟ್ಟ ಸೈನಿಕರು ಕಡಲಾಚೆಯವರಿಗೆ ದುರ್ಲಭ ವಸ್ತುಗಳಾಗಿದ್ದರು.

ಆದರೆ ದೊರೆಯದ ಗೊಂಬೆಗಾಗಿ ದಾರಿ ಸವೆಸುವ ಕಷ್ಟ ಅಮೆರಿಕದವರು ಕಲಿಸಿಕೊಟ್ಟುದೇನೂ ಅಲ್ಲ. ಕಲ್ಮಲದಿಂದ ಹೊರಡುವ ಆ 23ನೆಯ ಹೆದ್ದಾರಿಯನ್ನು ಹಿಡಿದು ಹೋದರೆ ಅದಕ್ಕೆ ಬಹು ಹಳೆಯ ನಿದರ್ಶನವೊಂದು ದೊರೆಯುತ್ತದೆ.

ಈ ಸೀಮೆಯ ಮಗುವಿನ ಕೈಗೆ ಮೊದಲು ಬರುವ ಗೊಂಬೆ ಪ್ಲಾಸ್ಟಿಕ್ಕಿನದಲ್ಲ, ಎರೆಮಣ್ಣಿನದು. ಜ್ಯೇಷ್ಠದ ಅಮಾವಾಸ್ಯೆ ಇಲ್ಲಿ ಮಣ್ಣೆತ್ತಿನ ಅಮಾವಾಸ್ಯೆ. ಜೋಡಿ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಅಮಾವಾಸ್ಯೆ ಕಳೆದರೆ ಅವುಗಳ ಮಾರಾಟವಿಲ್ಲ. ಗೌರಿಹುಣ್ಣಿಮೆ ಬಂತೆಂದರೆ ಮರದ ಅಚ್ಚುಗಳಲ್ಲಿ ಸಕ್ಕರೆಯ ಪಾಕ ಹೊಯ್ದು ಆನೆ, ಕುದುರೆ, ಗಿಳಿ, ಗೋಪುರಗಳನ್ನು ಎರಕ ಹಾಕುತ್ತಾರೆ. ಸಕ್ಕರೆ ಆರತಿಯ ಆ ಗೊಂಬೆಗಳು ಹುಣ್ಣಿಮೆಯ ಹತ್ತಿರದ ಕೆಲವು ದಿನ ಮಾತ್ರ ಪೇಟೆಯಲ್ಲಿರುತ್ತವೆ. ಯಾವ ಕಂಪನಿಯ ಜಾಣ್ಮೆಯೂ ಇಲ್ಲದೆ ಪಂಚಾಂಗವೇ ಅವನ್ನು ದುರ್ಲಭವಾಗಿಸಿದೆ. ಸಂಗ್ರಹಿಸಿಡುವ ಪ್ರಶ್ನೆಯೂ ಇಲ್ಲ; ಎತ್ತು ನೀರಿಗೆ, ಆನೆ ಬಾಯಿಗೆ.

ಮಾನವಿಯ ದಾರಿಯುದ್ದಕ್ಕೂ ನೋಟ ನಿಧಾನವಾಗಿ ಬದಲಾಗುತ್ತದೆ. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರ ಊರು ಮಾನವಿ. ಅದನ್ನು ದಾಟಿ ಸಿಂಧನೂರಿನತ್ತ ಸಾಗಿದಂತೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕಾಣತೊಡಗುತ್ತದೆ. ಎರೆಯ ಕಪ್ಪು ಹೋಗಿ ಗದ್ದೆಯ ಹಸಿರು. ಕಾರಟಗಿ, ಗಂಗಾವತಿಗಳಲ್ಲಿ ಅಕ್ಕಿಯ ಗಿರಣಿಗಳ ಸಾಲು. ಲಾರಿಗಳ ದಟ್ಟಣೆ ಹೆಚ್ಚಾದಷ್ಟೂ ಬಸ್ಸಿನ ವೇಗ ಕುಗ್ಗುತ್ತದೆ. ಗಂಗಾವತಿಯ ಆಚೆ ಆನೆಗೊಂದಿಯ ಕಡೆಗೆ ತಿರುಗಿದರೆ ಬಂಡೆಗಳ ರಾಶಿಯ ನಡುವೆ ಬಿಳಿಯ ಮೆಟ್ಟಲುಗಳ ಅಂಜನಾದ್ರಿ. ಆಂಜನೇಯನು ಹುಟ್ಟಿದ್ದು ಇಲ್ಲಿಯೇ ಎಂದು ಸುತ್ತಣ ಜನರ ನಂಬಿಕೆ. ಐನೂರೆಪ್ಪತ್ತೈದು ಮೆಟ್ಟಲು ಹತ್ತಿ ದರ್ಶನ ಪಡೆಯುತ್ತಾರೆ. ಹಾರಬಲ್ಲ, ಬೆಳೆಯಬಲ್ಲ, ಕುಗ್ಗಬಲ್ಲ, ಬೆಟ್ಟವನ್ನು ಅಂಗೈಯಲ್ಲಿ ಹೊತ್ತು ತರಬಲ್ಲ ವೀರನೊಬ್ಬನು ಹುಟ್ಟಿದ ಬೆಟ್ಟದ ಬುಡದಲ್ಲಿ, ಹುಡುಗರು ಪಟ್ಟು ಹಿಡಿದು ಸ್ಪೈಡರ್‌ಮ್ಯಾನನನ್ನು ಕೊಡಿಸಿಕೊಳ್ಳುವುದನ್ನು ನೋಡಿ ಹಿರಿಯರು ನಕ್ಕರೆ ತಪ್ಪಲ್ಲ. ಅವನು ಗೋಡೆ ಹತ್ತಬಲ್ಲನೇ ಹೊರತು ಸಮುದ್ರ ದಾಟಲಾರ.

ಬೂದಗುಂಪದ ಬಳಿ ದೊಡ್ಡ ಹೆದ್ದಾರಿ ಸೇರಿ ಕೊಪ್ಪಳಕ್ಕೆ ಬಂದರೆ, ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರಿನಲ್ಲಿ ಕಿನ್ನಾಳ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವವರೆಗೆ ಕಿನ್ನಾಳವೂ ರಾಯಚೂರು ಜಿಲ್ಲೆಯದೇ. ಕಲ್ಮಲಕ್ಕೂ ಅದಕ್ಕೂ ಒಂದೇ ಜಿಲ್ಲಾ ಕಚೇರಿ. (ದೂರದರ್ಶನದಲ್ಲಿ ಶಕ್ತಿಮಾನನು ಗಿರಗಿರನೆ ತಿರುಗಲಾರಂಭಿಸಿದುದೂ ಅದೇ ವರ್ಷವೆಂಬುದನ್ನು ಅಂದಿನ ಹುಡುಗರು ಮರೆತಿರಲಾರರು.) ಅದಕ್ಕೂ ಹಿಂದೆ, 1956ರ ಏಕೀಕರಣಕ್ಕೆ ಮೊದಲು, ಇದೆಲ್ಲ ಹೈದರಾಬಾದ್ ಸಂಸ್ಥಾನ. ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರು. ಆ ಮನೆತನದ ಮೂರನೆಯ ಸಾಲಾರ್ ಜಂಗರು ಜಗತ್ತಿನ ಮೂಲೆ ಮೂಲೆಯಿಂದ ವಸ್ತುಗಳನ್ನು ಕೊಂಡು ತಂದು ತುಂಬಿದ ಮಹಾ ಸಂಗ್ರಾಹಕರು; 1951ರಲ್ಲಿ ಹೈದರಾಬಾದಿನಲ್ಲಿ ತೆರೆದ ವಸ್ತುಸಂಗ್ರಹಾಲಯ ಅವರ ಸಂಗ್ರಹದ್ದೇ. ಅಲ್ಲಿನ ಮಕ್ಕಳ ವಿಭಾಗದಲ್ಲಿ ಆಟಿಕೆಯ ಸೈನಿಕರ ದಂಡೊಂದು ಸಾಲಾಗಿ ನಿಂತಿದೆ. ಅಂಥ ಸಂಗ್ರಹಕ್ಕೆ ಆಧಾರ ಜಹಗೀರುಗಳ ವರಮಾನ. ಆ ಜಹಗೀರುಗಳಲ್ಲಿ ಕೊಪ್ಪಳವೂ ಒಂದು. ಎರೆಹೊಲದ ಜೋಳ ಹತ್ತಿಗಳು ಯಾವ ಯಾವ ರೂಪ ತಾಳಿದವೋ!

ಕಿನ್ನಾಳದ ಗೊಂಬೆಯ ಕಸುಬು ಚಿತ್ರಗಾರರದು. ತಮ್ಮ ಹಿರಿಯರು ವಿಜಯನಗರದ ಕಾಲದವರೆಂದೂ, ಹಂಪೆಯ ವಿರೂಪಾಕ್ಷ ದೇಗುಲದ ಮಂಟಪದ ಮಾಳಿಗೆಯಲ್ಲಿರುವ ಚಿತ್ರಗಳು ಅವರ ಕೈಯವೆಂದೂ ಅವರಲ್ಲಿ ಪರಂಪರೆಯ ಮಾತಿದೆ. 1565ರಲ್ಲಿ ರಾಜಧಾನಿ ಹಾಳಾದ ಮೇಲೆ ಕುಶಲಕರ್ಮಿಗಳು ಆಶ್ರಯವನ್ನರಸಿ ಚದುರಿದರು. ಕಿನ್ನಾಳದಲ್ಲಿ ನೆಲೆನಿಂತವರಿಗೆ ದೇವರ ವಿಗ್ರಹ, ಪಲ್ಲಕ್ಕಿ, ತೊಟ್ಟಿಲು, ಬಾಗಿಲುವಾಡಗಳ ಕೆಲಸ ಸಿಕ್ಕಿತು. ಗೊಂಬೆ ಅದರ ಜತೆಗೆ ಬೆಳೆದುದು.

ಕೆಲಸದ ಕ್ರಮವನ್ನು ಒಮ್ಮೆ ಹತ್ತಿರ ಕೂತು ನೋಡಿದರೆ ಬೆಲೆಯ ಬಗೆಗಿನ ಚೌಕಾಶಿ ತಾನಾಗಿ ನಿಲ್ಲುತ್ತದೆ. ಮರ ಹಗುರ, ಬಿಳಿ, ಮೆದು. ಆಂಧ್ರದ ಕೊಂಡಪಲ್ಲಿಯ ಗೊಂಬೆಗಾರರು ಪೊನಿಕಿ ಎಂದು ಕರೆಯುವ ಜಾತಿಯದು. ಅದರಲ್ಲಿ ತಲೆ, ಮುಂಡ, ಕೈ, ಕಾಲುಗಳನ್ನು ಬೇರೆ ಬೇರೆಯಾಗಿ ಕೆತ್ತಿ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಯಿಟ್ಟು, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟಿನೊಡನೆ ಹುಣಸೆಬೀಜದ ಅಂಟಿನಲ್ಲಿ ಕಲಸಿದರೆ ‘ಕಿಟ್ಟ’ವೆಂಬ ಮಿಶ್ರಣ ಸಿದ್ಧವಾಗುತ್ತದೆ. ಕೂಡಿಸಿದ ಗೊಂಬೆಯ ಮೈಗೆಲ್ಲ ಅದನ್ನು ಕೈಯಿಂದ ಮೆತ್ತಿ, ಮೇಲೆ ಅರಿವೆಯ ಚೂರುಗಳನ್ನು ಅದೇ ಅಂಟಿನಿಂದ ಹಚ್ಚುತ್ತಾರೆ. ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ. ಬಣ್ಣ ನಿಲ್ಲುವುದು ಇದರ ಮೇಲೆ. ಕಲ್ಲಿನ ಪುಡಿಯನ್ನು ಗೋಂದಿನಲ್ಲಿ ಕಲಸಿದ ‘ಗೊಜ್ಜಿ’ನಿಂದ ಕಿರೀಟ, ಕಂಠೀಹಾರ, ತೋಳಬಂದಿಗಳನ್ನು ಎಳೆ ಎಳೆಯಾಗಿ ಎತ್ತರಿಸಿ ಬರೆಯುತ್ತಾರೆ. ಒಡವೆಗಳಿಗೆ ತವರದಿಂದ ಹೊಳಪು ತರುವ ‘ಲಾಜವಾರ’ವೆಂಬ ವಿಧಾನ ಇವರ ವಿಶೇಷ. ಕಡೆಯಲ್ಲಿ ಕಣ್ಣು ಬರೆಯುತ್ತಾರೆ. ಪ್ರತಿಯೊಂದು ಹಂತದ ನಡುವೆಯೂ ಒಣಗಬೇಕು. ಆಷಾಢ ಶ್ರಾವಣಗಳ ಮೋಡ ಕವಿದ ದಿನಗಳಲ್ಲಿ ಕೆಲಸ ತಾನಾಗಿ ತಡವಾಗುತ್ತದೆ. ದಸರೆಗೆ ಗೊಂಬೆ ಬೇಕೆನ್ನುವವರ ಬೇಡಿಕೆ ಏರುವುದೂ ಆಗಲೇ.

ಇಲ್ಲಿನ ಗೊಂಬೆಗಳಲ್ಲಿ ಗರುಡನು ಪ್ರಸಿದ್ಧ. ಕೊಕ್ಕಿನ ಮೂಗು, ಚಾಚಿದ ರೆಕ್ಕೆ, ಮುಗಿದ ಕೈ. ಬಿಡಿ ಬಿಡಿಯಾದ 12 ಭಾಗಗಳನ್ನು ಕೂಡಿಸಿದರೆ ಒಬ್ಬ ಗರುಡ ಆಗುತ್ತಾನೆ. ಕೀಲುಗೊಂಬೆಯ ಕಾರ್ಖಾನೆಗಳವರು ತಮ್ಮ ವೀರನ ಸಂದುಗಳ ಲೆಕ್ಕವನ್ನು ಡಬ್ಬಿಯ ಮೇಲೆ ಹೆಮ್ಮೆಯಿಂದ ಅಚ್ಚು ಹಾಕಿಸುವುದುಂಟು. ಕಿನ್ನಾಳದವರಿಗೆ ಡಬ್ಬಿಯೇ ಇಲ್ಲ. ಹನುಮಂತ, ಗೌರಿ, ಕಾಮಧೇನು, ಆನೆ, ಗಿಳಿ, ಹಣ್ಣು ಕಾಯಿಗಳು ಉಳಿದ ಪರಿವಾರ. ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿರುವುದರಿಂದ ಕಿನ್ನಾಳದ ಹೆಸರಿನಲ್ಲಿ ಬೇರೆಡೆಯವರು ಗೊಂಬೆ ಮಾಡಿ ಮಾರುವಂತಿಲ್ಲ. ಅರ್ಥಾತ್, ಇದೂ ಒಂದೇ ಅಂಗಡಿಯ ಸರಕೇ ಆಯಿತು.

ಬೆಂಗಳೂರು ಮೈಸೂರುಗಳ ಮನೆಗಳಲ್ಲಿ ದಸರೆಯ ಗೊಂಬೆ ಕೂರಿಸುವ ಗೃಹಿಣಿಯರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. ರಕ್ತಚಂದನದ ಪಟ್ಟದ ಗೊಂಬೆಗಳು ಮದುವೆಯಲ್ಲಿ ತವರಿನಿಂದ ಬಂದಿರುತ್ತವೆ. ಅನಂತರ ವರ್ಷಕ್ಕೊಂದು ಹೊಸತು ಕೂಡಬೇಕು. ಚನ್ನಪಟ್ಟಣದ ಅರಗಿನ ಗೊಂಬೆ ಹೆದ್ದಾರಿಯ ಬದಿಯಲ್ಲಿಯೇ ಸಿಗುತ್ತದೆ. ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ದಸರೆಗೆ ಮುಂಚೆ ಏರ್ಪಡಿಸುವ ಬೊಂಬೆಮನೆಗೆ ದೇಶದ ನಾನಾ ಕಡೆಯ ಗೊಂಬೆಗಳು ಬರುತ್ತವೆ. ಸರ್ಕಾರದ ಕಾವೇರಿ ಮಳಿಗೆಗಳಲ್ಲಿಯೂ ಕರಕುಶಲ ವಸ್ತುಗಳು ಸಿಗುತ್ತವೆ. ಆದರೆ ಕಳೆದ ವರ್ಷ ಕೊಂಡ ಗೌರಿಗೆ ಸರಿಹೊಂದುವ ಅಳತೆಯ ಗಣಪತಿ, ಅದೇ ಕೈಯ ಬಣ್ಣದ ಹನುಮಂತ ಬೇಕೆಂದರೆ ಪೇಟೆಯ ಕಪಾಟಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಕಿನ್ನಾಳಕ್ಕೇ ಹೋಗಬೇಕು. ಹೋದರೆ ಅಲ್ಲಿ ನಡೆಯುವ ಮಾತುಕತೆ ಬಹುಮಟ್ಟಿಗೆ ಹೀಗೆ:

“ಗರುಡ ಸಿಗ್ತಾನೇನಮ್ಮಾ?”

“ಈಗ ಇಲ್ಲರೀ ಅಕ್ಕಾರ. ಇದ್ದಾಂವ ನಿನ್ನಿ ಹ್ವಾದ. ಅಳತಿ ಹೇಳಿ ಹೋಗ್ರಿ, ಮಾಡಿ ಇಡತೀವಿ.”

“ಎಷ್ಟು ದಿನಕ್ಕೆ?”

“ಬಿಸಲು ಬಿದ್ದಾಂಗ ನೋಡ್ರಿ.”

ಕಲ್ಮಲದ ಹುಡುಗನಿಗೂ ಬೆಂಗಳೂರಿನ ಗೃಹಿಣಿಗೂ ಸಿಕ್ಕ ಉತ್ತರ ಒಂದೇ: ಇಲ್ಲ. ಆದರೆ ಎರಡು ‘ಇಲ್ಲ’ಗಳ ಅರ್ಥ ಬೇರೆ. ಮಳಿಗೆಯವನ ‘ಇಲ್ಲ’ವನ್ನು ಲೆಕ್ಕ ಹಾಕಿ ಮಾಡಿದ್ದಾರೆ. ಅಚ್ಚು ಅದೇ, ಯಂತ್ರ ಅದೇ. ಒಂದು ಲಕ್ಷ ಬೇಕಾದರೂ ಒತ್ತಿ ತೆಗೆಯಬಹುದು. ಆದರೂ ಕೆಲವು ಸಾವಿರಕ್ಕೆ ನಿಲ್ಲಿಸುತ್ತಾರೆ. ಕಿನ್ನಾಳದ ಹೆಂಗಸಿನ ‘ಇಲ್ಲ’ ಮರದ್ದು, ಬಿಸಿಲಿನದು, ಕೈಗಳದು. ಈ ಮೆದು ಮರ ಬೇಕಾದಾಗ ಬೇಕಾದಷ್ಟು ಸಿಗುವುದಿಲ್ಲ. ಓದಿದ ಮಕ್ಕಳು ಹೊಸಪೇಟೆ, ಹುಬ್ಬಳ್ಳಿ, ಬೆಂಗಳೂರುಗಳ ನೌಕರಿ ಹಿಡಿಯುತ್ತಾರೆ. ತಿಂಗಳ ಸಂಬಳದ ಮುಂದೆ ಒಣಗಲು ಕಾಯುವ ಕಸುಬು ಯಾರಿಗೆ ಬೇಕು? ಒಂದೆರಡು ಬೀದಿಗಳಲ್ಲಿ ಉಳಿದಿರುವ ಕುಟುಂಬಗಳೇ ಈಗ ಈ ವಿದ್ಯೆಗೆಲ್ಲ ಗತಿ. ಅವರಲ್ಲೊಬ್ಬರು ಕುಂಚ ಕೆಳಗಿಟ್ಟರೆ ಒಂದು ಬಗೆಯ ಮುಖವೇ ಲೋಕದಿಂದ ಇಲ್ಲವಾಗುತ್ತದೆ. ಅದನ್ನು ದಳ್ಳಾಳಿಯ ಹತ್ತಿರವೂ ಕೊಳ್ಳಲಾಗದು.

ಸಂಗ್ರಾಹಕರ ಮೇಲೆ ತಪ್ಪು ಹೊರಿಸುವವರಿದ್ದಾರೆ. ಅವರ ಹಂಬಲದಿಂದ ಹಳೆಯ ವಸ್ತುಗಳು ಊರು ಬಿಡುತ್ತವೆಂಬುದು ನಿಜ. ಇದೇ ಜಿಲ್ಲೆಯ ತೊಗಲುಗೊಂಬೆಗಳಿಗೆ ಹಾಗೆಯೇ ಆಯಿತು. ಕೈಕಾಲು ಆಡಿಸುವ ರಾಮ, ರಾವಣ, ಭೀಮರ ಹಳೆಯ ತೊಗಲುಗಳು ಪೆಟ್ಟಿಗೆಯಿಂದ ಹೊರಬಿದ್ದು ದೂರದ ಗೋಡೆಗಳನ್ನು ಸೇರಿದವು. ಆದರೂ ಆ ಆಟ ನಿಲ್ಲಲಿಲ್ಲ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಪದ್ಮಶ್ರೀ ಬಂತು. ಕಿನ್ನಾಳದಲ್ಲಿ ಸಂಗತಿ ಬೇರೆ. ಇಲ್ಲಿ ಕೊಳ್ಳುವುದು ಹಳೆಯದನ್ನಲ್ಲ, ಮಾಡಿಸಿ ಹೊಸದನ್ನು. ವರ್ಷವರ್ಷವೂ ಒಂದೊಂದಾಗಿ ಕೂಡಿಸುವ ಗಿರಾಕಿ, ಮೇಳದಲ್ಲಿ ಒಮ್ಮೆಗೇ ಹತ್ತು ಕೊಂಡು ಮತ್ತೆ ಮುಖ ತೋರದವನಿಗಿಂತ ಚಿತ್ರಗಾರನಿಗೆ ಹೆಚ್ಚು ಉಪಕಾರಿ; ಮುಂದಿನ ದಸರೆಗೆ ಕೆಲಸವುಂಟೆಂಬ ನೆಚ್ಚಿಕೆ ಅವನಿಂದ.

ಕೊಪ್ಪಳದಿಂದ ಗದಗಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಭಾನಾಪುರ ಸಿಗುತ್ತದೆ. ಅಲ್ಲಿ ಸುಮಾರು 400 ಎಕರೆಯಲ್ಲಿ ದೇಶದ ಮೊದಲ ಆಟಿಕೆ ಕ್ಲಸ್ಟರ್ ಎಂದು ಸಾರಿದ ಕೈಗಾರಿಕಾ ವಲಯಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಅದನ್ನು ಕಟ್ಟಿಸುತ್ತಿರುವ ಏಕಸ್ ಸಂಸ್ಥೆ ವಿಮಾನದ ಬಿಡಿಭಾಗಗಳಿಗೆ ಹೆಸರಾದುದು. ಹ್ಯಾಸ್‌ಬ್ರೋ ಮೊದಲಾದ ವಿದೇಶೀ ಕಂಪನಿಗಳು ಅದರ ಗಿರಾಕಿಗಳು. 1964ರಲ್ಲಿ ‘ಗೊಂಬೆ’ ಎನ್ನಲು ಅಂಜಿದ ಅದೇ ಹ್ಯಾಸ್‌ಬ್ರೋ ಈಗ ಗೊಂಬೆಯ ಸೀಮೆಗೇ ಬಂದಂತಾಗಿದೆ. ಯೋಜನೆಯನ್ನು ಸಾರುವಾಗ ನಲವತ್ತು ಸಾವಿರ ಉದ್ಯೋಗಗಳ ಮಾತನಾಡಿದ್ದರು. ಅಷ್ಟು ಆಗಬೇಕಾದರೆ ಇನ್ನೂ ಬಹಳ ಚಪ್ಪರಗಳು ಏಳಬೇಕು. ಕೊಪ್ಪಳ ಯಲಬುರ್ಗಗಳ ಹಳ್ಳಿಯ ಹೆಣ್ಣುಮಕ್ಕಳಿಗೆ ಊರ ಹತ್ತಿರವೇ ಸಂಬಳದ ಕೆಲಸ ಸಿಗುವುದಾದರೆ ಅದನ್ನು ಯಾರೂ ಹಗುರವಾಗಿ ಕಾಣಬಾರದು. ಅಲ್ಲಿ ಗೊಂಬೆಯ ಎರಕಕ್ಕೆ ಸೆಕೆಂಡುಗಳ ಲೆಕ್ಕ. ಇಲ್ಲಿ ಬಿಸಿಲಿನ ಲೆಕ್ಕ. ಎರಡಕ್ಕೂ ನಡುವೆ ಇರುವ ದೂರ ಒಂದು ಗಂಟೆಯ ದಾರಿ. ಕಿನ್ನಾಳದ ಚಿತ್ರಗಾರರನ್ನು ಆ ಕಾರ್ಖಾನೆಯವರು ಮಾದರಿ ಕೆತ್ತಲು, ಮುಖ ಬರೆಯಲು ಕರೆದರೆ ಚೆನ್ನಾಗಿತ್ತು ಎಂದು ಯಾರಿಗಾದರೂ ತೋರುತ್ತದೆ.

ಸರ್ಕಾರವು ಒಂದು ಉಪಕಾರ ಮಾಡಿದೆ. ಮಾನಕದ ಮುದ್ರೆ ಕಡ್ಡಾಯವೆಂಬ ಆಜ್ಞೆಯಿಂದ, ನೋಂದಾಯಿತ ಕುಶಲಕರ್ಮಿಗಳ ಆಟಿಕೆಗಳಿಗೂ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ 2020ರ ಡಿಸೆಂಬರಿನಲ್ಲಿ ವಿನಾಯಿತಿ ಕೊಟ್ಟಿತು. ಇಲ್ಲವಾದರೆ ಹುಣಸೆಬೀಜದ ಅಂಟನ್ನು ಪ್ರಯೋಗಶಾಲೆಗೆ ಒಯ್ದು ಪ್ರಮಾಣಪತ್ರ ತರುವ ಪಾಡು ಚಿತ್ರಗಾರರಿಗೆ ಬರುತ್ತಿತ್ತು.

ಕಿನ್ನಾಳಕ್ಕೆ ಹೋಗಬಯಸುವವರು ಮಳೆಗಾಲಕ್ಕೆ ಮುಂಚೆ, ಅಂದರೆ ಯುಗಾದಿಯ ಆಚೀಚೆ, ಒಮ್ಮೆ ಹೋಗಿ ಬೇಕಾದುದರ ಅಳತೆ, ಬಣ್ಣಗಳನ್ನು ಹೇಳಿ, ಒಂದಿಷ್ಟು ಮುಂಗಡ ಕೊಟ್ಟು ಬರುವುದು ಮೇಲು. ಹಳೆಯ ಗೊಂಬೆಯ ಜೋಡಿ ಮಾಡಿಸಬೇಕಾದರೆ ಆ ಗೊಂಬೆಯನ್ನೇ ಒಯ್ಯಬೇಕು. ಫೋನಿನ ಚಿತ್ರದಲ್ಲಿ ಕೆಂಪು ಬೇರೆಯಾಗಿ ಕಾಣುತ್ತದೆ. ಭಾದ್ರಪದದಲ್ಲಿ ಮತ್ತೊಮ್ಮೆ ಹೋಗಿ ತರಬೇಕು. ರಾಯಚೂರು ಕಡೆಯವರಿಗೆ ಕಲ್ಮಲದ ಮೇಲಿನ ದಾರಿಯೇ ಹತ್ತಿರ. ಗರುಡನನ್ನು ತರುವವರು ರೆಕ್ಕೆಗಳ ತುದಿಗೆ ಅಲ್ಲಿಯೇ ಹತ್ತಿ ಸುತ್ತಿಸಿಕೊಂಡು, ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಡುವುದು ಒಳ್ಳೆಯದು. ಗಂಗಾವತಿಯಿಂದ ಸಿಂಧನೂರಿನವರೆಗೆ ಸಂಜೆಯ ಬಸ್ಸುಗಳಲ್ಲಿ ಕಾಲಿಡಲೂ ಸ್ಥಳ ಸಿಗುವುದು ಕಷ್ಟ.